ಮೊದಲು ದಾರಿ ಹುಡುಕಿ, ಆಮೇಲೆ ಸೈಕಲ್ ಕೊಳ್ಳಿ

ಸೈಕಲ್ಲಿನಲ್ಲಿ ಆಫೀಸಿಗೆ ಹೋಗಬೇಕು ಅಂತ ಮನಸ್ಸಾದವರು ನೇರ ಸೈಕಲ್ ಅಂಗಡಿಗೆ ಹೋಗುತ್ತಾರೆ. ಮೂವತ್ತು ಸಾವಿರ ಕೊಟ್ಟು ಥಳಥಳ ಹೊಳೆಯುವುದೊಂದನ್ನು ತರುತ್ತಾರೆ. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ದಿನಾ ಕಾರಿನಲ್ಲಿ ಹೋಗುವ ಅದೇ ರಸ್ತೆಗೆ ಇಳಿಯುತ್ತಾರೆ. ಎಡಕ್ಕೆ ಬಸ್ಸು, ಬಲಕ್ಕೆ ನೀರಿನ ಟ್ಯಾಂಕರು, ಹಿಂದಿನಿಂದ ಹಾರ್ನು. ಬುಧವಾರದ ಹೊತ್ತಿಗೆ ಸೈಕಲ್ ಬಾಲ್ಕನಿ ಸೇರಿರುತ್ತದೆ, ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತಿರುತ್ತದೆ.

ಕಾರಿನ ದಾರಿ ಸೈಕಲ್ಲಿಗೆ ಒಗ್ಗುವುದಿಲ್ಲ. ಸೈಕಲ್ಲಿಗೆ ಅದರದೇ ದಾರಿ ಬೇಕು, ಅದನ್ನು ನೀವೇ ಹುಡುಕಬೇಕು. ಇಲ್ಲಿರುವ ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ಯಾಕೆಂದರೆ ಕಷ್ಟ ಜಾಸ್ತಿ ಇರುವುದು ಅಲ್ಲೇ. ಮೈಸೂರು, ಧಾರವಾಡ, ಶಿವಮೊಗ್ಗದವರಿಗೆ ಇದರಲ್ಲಿ ಅರ್ಧ ತಲೆನೋವು ಇಲ್ಲವೇ ಇಲ್ಲ.

ದಾರಿ ಹುಡುಕುವುದು

ಫೋನಿನ ಮ್ಯಾಪ್‌ನಲ್ಲಿ ಮನೆಯಿಂದ ಆಫೀಸಿಗೆ ದಾರಿ ಕೇಳಿ. ಆದರೆ ಕಾರಿನ ಗುರುತು ಒತ್ತಬೇಡಿ, ನಡೆಯುವ ಮನುಷ್ಯನ ಗುರುತು ಒತ್ತಿ. ಕಾರಿಗೆ ತೋರಿಸದ ಗಲ್ಲಿ, ಪಾರ್ಕಿನ ಪಕ್ಕದ ರಸ್ತೆ, ರೈಲ್ವೆ ಅಂಡರ್‌ಪಾಸು ಎಲ್ಲ ಆಗ ಕಾಣುತ್ತವೆ. ಜಯನಗರ, ಬಸವನಗುಡಿ, ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಇದು ಸುಲಭ. ಮೇನು, ಕ್ರಾಸು ಅಂತ ಗೆರೆ ಎಳೆದ ಹಾಗೆ ರಸ್ತೆಗಳಿವೆ. ದೊಡ್ಡ ರಸ್ತೆಯಿಂದ ಎರಡು ರಸ್ತೆ ಒಳಗೆ ಸರಿದರೆ ಸಾಕು, ಅದೇ ದಿಕ್ಕಿಗೆ ಹೋಗುವ ನೆರಳಿನ ರಸ್ತೆ ಸಿಗುತ್ತದೆ. ಸಂಪಿಗೆ ರಸ್ತೆಯ ನೂಕುನುಗ್ಗಲಿಗಿಂತ ವೆಸ್ಟ್ ಪಾರ್ಕ್ ರಸ್ತೆ ಎಷ್ಟೋ ವಾಸಿ.

ಹೊರವಲಯದಲ್ಲಿ ಕಥೆ ಬೇರೆ. ಅಲ್ಲಿ ಒಳರಸ್ತೆಗಳು ಕೆರೆಗೋ, ರೈಲು ಹಳಿಗೋ, ಗೇಟು ಹಾಕಿದ ಲೇಔಟಿಗೋ ಬಂದು ನಿಲ್ಲುತ್ತವೆ. ಕೊನೆಗೆ ದೊಡ್ಡ ರಸ್ತೆಗೆ ಬರಲೇಬೇಕು. ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ 2020ರಲ್ಲಿ ಸೈಕಲ್ ಪಥ ಅಂತ ಕಂಬ ನೆಟ್ಟಿದ್ದರು. ಆಮೇಲೆ ಮೆಟ್ರೋ ಕಾಮಗಾರಿ ಬಂತು. ಕಂಬಗಳೂ ಹೋದವು, ಪಥವೂ ಹೋಯಿತು. ಹಾಗಾಗಿ ಯಾರೋ ನಿಮಗಾಗಿ ಪಥ ಮಾಡಿಟ್ಟಿರುತ್ತಾರೆ ಅಂತ ಕಾಯಬೇಡಿ. ದೊಡ್ಡ ರಸ್ತೆಯಲ್ಲಿ ಎಷ್ಟು ದೂರ ಹೋಗಲೇಬೇಕು ಅಂತ ಲೆಕ್ಕ ಹಾಕಿ, ಅದನ್ನು ಆದಷ್ಟು ಕಡಿಮೆ ಮಾಡಿ.

ಒಂದು ಅನುಕೂಲವನ್ನು ತುಂಬ ಜನ ಮರೆಯುತ್ತಾರೆ. ಸೈಕಲ್ಲಿಂದ ಇಳಿದು ತಳ್ಳಿಕೊಂಡು ಹೊರಟರೆ ನೀವು ಪಾದಚಾರಿ. ಒನ್‌ವೇ ಅಡ್ಡ ಬಂತಾ? ಫುಟ್‌ಪಾತ್ ಮೇಲೆ ನೂರು ಹೆಜ್ಜೆ ತಳ್ಳಿ. ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಲು ಭಯವಾ? ನೇರ ದಾಟಿ ಆಚೆ ಬದಿಯಲ್ಲಿ ನಿಂತು, ಆ ಕಡೆಯ ಹಸಿರು ದೀಪ ಬಂದಾಗ ಹೋಗಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಆ ದಾರಿಯಲ್ಲಿ ಒಮ್ಮೆ ಸುಮ್ನೆ ಹೋಗಿ ಬನ್ನಿ. ಸೈಕಲ್ ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತನ್ನಿ. ಎಲ್ಲಿ ಏರು, ಎಲ್ಲಿ ಬಣ್ಣ ಬಳಿಯದ ಹಂಪು, ಎಲ್ಲಿ ನಾಯಿಗಳ ಗುಂಪು, ಎಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕುಸಿದಿದೆ ಅಂತ ನೋಡಿಕೊಳ್ಳಿ. ಬೆಂಗಳೂರು ಸಮತಟ್ಟು ಅಂತ ಕಾರಿನಲ್ಲಿ ಕೂತವರಿಗೆ ಅನಿಸುತ್ತದೆ. ಪೆಡಲ್ ತುಳಿದಾಗಲೇ ಗೊತ್ತಾಗುವುದು, ಇದು ದಿಬ್ಬ ತಗ್ಗುಗಳ ಊರು ಅಂತ. ಎಂಟು ಕಿಲೋಮೀಟರ್ ದಾರಿಗೆ ಆರಾಮಾಗಿ ತುಳಿದರೂ ಮೂವತ್ತೈದು ನಲವತ್ತು ನಿಮಿಷ ಸಾಕು. ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ದಿನಾ ಹೋಗುವ ಆಸೆ ಬಿಡಿ, ವಾರಕ್ಕೆ ಎರಡು ದಿನ ಸಾಕು. ಇಲ್ಲವೇ ಅರ್ಧ ದಾರಿ ಮೆಟ್ರೋ ಹಿಡಿಯಿರಿ. ಮಡಚುವ ಸೈಕಲ್ಲನ್ನು ಮಡಚಿ, ಹೊದಿಕೆ ಹಾಕಿ ಒಯ್ಯಲು ನಮ್ಮ ಮೆಟ್ರೋ 2020ರಲ್ಲೇ ಅವಕಾಶ ಕೊಟ್ಟಿದೆ.

ಈಗ ಸೈಕಲ್

ಊರಿನ ಓಡಾಟಕ್ಕೆ ಹೈಬ್ರಿಡ್ ಅನ್ನುವ ಬಗೆ ಸಾಕು. ನೇರ ಹ್ಯಾಂಡಲ್, ತೀರಾ ದಪ್ಪವೂ ಅಲ್ಲದ ತೀರಾ ತೆಳುವೂ ಅಲ್ಲದ ಟೈರು. 35ರಿಂದ 40 ಮಿ.ಮೀ. ಅಗಲ ಇದ್ದರೆ ನಮ್ಮ ಗುಂಡಿಗಳಿಗೆ ಹೊಂದುತ್ತದೆ. ಮುಂದೆ ಸ್ಪ್ರಿಂಗ್ ಇರುವ ಸಸ್ಪೆನ್ಷನ್ ನೋಡಿ ಮರುಳಾಗಬೇಡಿ. ಅಗ್ಗದ ಸೈಕಲ್ಲಿನ ಸಸ್ಪೆನ್ಷನ್ ಒಂದೆರಡು ಕೆ.ಜಿ. ಭಾರ ಹೆಚ್ಚಿಸುತ್ತದೆ ಅಷ್ಟೆ, ಏರಿನಲ್ಲಿ ನಿಮ್ಮ ಶಕ್ತಿಯನ್ನೂ ತಿನ್ನುತ್ತದೆ. ಆ ದುಡ್ಡಿಗೆ ಮಡ್‌ಗಾರ್ಡು, ಕ್ಯಾರಿಯರು, ಒಳ್ಳೇ ಬೀಗ ಬರುತ್ತವೆ. ಹೊಸದೇ ಆಗಬೇಕು ಅಂತಲೂ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ಉತ್ಸಾಹದಿಂದ ಕೊಂಡ ಎಷ್ಟೋ ಸೈಕಲ್ಲುಗಳು ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ದೂಳು ಹಿಡಿದು ನಿಂತಿವೆ. ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಮಾತು ಕೇಳಿ ನೋಡಿ.

ಕೊಳ್ಳುವಾಗ ಸೈಕಲ್ಲಿನ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ನಿಲ್ಲಿ. ಅಡ್ಡಪಟ್ಟಿಗೂ ನಿಮಗೂ ನಡುವೆ ಒಂದೆರಡು ಇಂಚು ಜಾಗ ಇರಬೇಕು. ಸೀಟಿನ ಎತ್ತರ ಇನ್ನೂ ಮುಖ್ಯ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಚೂರು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದು ಕಲಿತವರಿಗೆ, ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ಇಳಿಸಿಕೊಂಡರೇ ಧೈರ್ಯ. ಮಂಡಿನೋವು ಶುರುವಾಗುವುದೂ ಅಲ್ಲಿಂದಲೇ. ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಗೇರಿನ ಬಗ್ಗೆ ಇಷ್ಟೇ ತಿಳಿದರೆ ಸಾಕು. ಏರು ಬರುವ ಮುಂಚೆಯೇ ಹಗುರ ಗೇರಿಗೆ ಬದಲಿಸಿ. ಏರಿನ ನಡುವೆ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನು ಕರಕರ ಅನ್ನುತ್ತದೆ, ಕೆಲವೊಮ್ಮೆ ಕಳಚಿಕೊಳ್ಳುತ್ತದೆ. ಕಾಲು ಹಗುರಾಗಿ, ಬೇಗ ಬೇಗ ತಿರುಗುತ್ತಿರಲಿ. ನಿಮಿಷಕ್ಕೆ 70–80 ಸುತ್ತು ಅಂದಾಜು. ಭಾರದ ಗೇರು ಹಾಕಿ ಹಲ್ಲು ಕಚ್ಚಿ ತುಳಿಯುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಗಾಳಿ ಮತ್ತು ಪಂಕ್ಚರು

ವಾರಕ್ಕೊಮ್ಮೆ ಗಾಳಿ ನೋಡಿ. ಎಷ್ಟು ಹಾಕಬೇಕು ಅಂತ ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಗಾಳಿಯ ಒತ್ತಡದ ಅಳತೆಗೆ ಪಿಎಸ್‌ಐ ಅನ್ನುತ್ತಾರೆ, ಹೈಬ್ರಿಡ್ ಸೈಕಲ್ಲಿಗೆ ಸಾಮಾನ್ಯವಾಗಿ 50ರಿಂದ 70 ಪಿಎಸ್‌ಐ. ಗಾಳಿ ಕಡಿಮೆ ಇದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಕಂಡರೆ ಮೊಳೆಯನ್ನು ಹುಡುಕಬೇಡಿ, ಪಂಪು ಹುಡುಕಿ.

ಇಲ್ಲೊಂದು ಸೂಕ್ಷ್ಮ ಇದೆ. ಸೈಕಲ್ ಟ್ಯೂಬಿನ ಮೂತಿಗಳು ಮೂರು ಬಗೆ. ಹಳೇ ಕಪ್ಪು ಸೈಕಲ್ಲಿನದ್ದು ಒಳಗೆ ರಬ್ಬರಿನ ವಾಲ್ ಟ್ಯೂಬ್ ಇರುವಂಥದ್ದು. ಎರಡನೆಯದು ಸ್ಕೂಟರು, ಕಾರಿನಲ್ಲಿ ಇರುವ ದಪ್ಪ ಮೂತಿ. ಮೂರನೆಯದು ಪ್ರೆಸ್ಟಾ, ತುದಿಯಲ್ಲಿ ಪುಟ್ಟ ತಿರುಪು ಇರುವ ತೆಳ್ಳನೆ ಮೂತಿ. ದುಬಾರಿ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಪೈಪು ಇದಕ್ಕೆ ಕೂರುವುದಿಲ್ಲ. ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ, ನೀವು ಅವನ ಮುಖ ನೋಡುತ್ತೀರಿ. ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ತೀರಾ ಅಗ್ಗ. ಒಂದು ಕೊಂಡು ಕೀ ಗೊಂಚಲಿಗೆ ಹಾಕಿಕೊಳ್ಳಿ.

ಪಂಕ್ಚರ್ ಹಾಕುವುದನ್ನು ಮನೆಯಲ್ಲಿ ಒಮ್ಮೆ ಕಲಿತುಬಿಡಿ. ಚಕ್ರ ಬಿಚ್ಚಿ, ಪ್ಲಾಸ್ಟಿಕ್ ಲಿವರಿನಿಂದ ಟೈರಿನ ಒಂದು ಬದಿ ಎಬ್ಬಿಸಿ ಟ್ಯೂಬು ಹೊರಗೆಳೆಯಿರಿ. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿದರೆ ಗುಳ್ಳೆ ಬಂದ ಕಡೆ ತೂತು. ಆ ಜಾಗ ಒರೆಸಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ. ಇನ್ನು ಅವಸರ ಬೇಡ. ಹಚ್ಚಿದ್ದು ಹೊಳಪು ಕಳೆದುಕೊಂಡು ಅಂಟಂಟಾಗುವ ತನಕ ಕಾದು, ಆಮೇಲೆ ತೇಪೆ ಒತ್ತಿ ಹಿಡಿಯಿರಿ. ಟ್ಯೂಬು ವಾಪಸ್ ಹಾಕುವ ಮುಂಚೆ ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ, ಹುಷಾರಾಗಿ. ಮುಳ್ಳೋ ಗಾಜಿನ ಚೂರೋ ಅಲ್ಲೇ ಇದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಅದೇ ಕಥೆ.

ರಸ್ತೆಯಲ್ಲಿ

ಎಡ ಅಂಚಿಗೆ ಅಂಟಿಕೊಂಡು ಹೋಗುವುದೇ ಕ್ಷೇಮ ಅಂತ ಅನಿಸುತ್ತದೆ ಅಲ್ವಾ? ಹಾಗಲ್ಲ. ಅಂಚಿನಲ್ಲಿ ಮರಳು, ಚರಂಡಿಯ ಜಾಲರಿ, ದಿಢೀರನೆ ತೆರೆಯುವ ಕಾರಿನ ಬಾಗಿಲು. ಅಂಚಿನಿಂದ ಎರಡು ಮೂರು ಅಡಿ ಈಚೆಗೇ ಇರಿ. ನಿಂತ ಕಾರುಗಳ ಪಕ್ಕ ಹಾದುಹೋಗುವಾಗ ಬಾಗಿಲು ತೆರೆಯುವಷ್ಟು ಜಾಗ ಬಿಡಿ. ನೆಟ್ಟಗೆ ಒಂದೇ ಗೆರೆಯಲ್ಲಿ ಹೋದರೆ ಹಿಂದಿನವನಿಗೆ ನೀವು ಎತ್ತ ಹೋಗುತ್ತೀರಿ ಅಂತ ಗೊತ್ತಾಗುತ್ತದೆ. ತಿರುಗುವ ಮುಂಚೆ ಹಿಂದೆ ನೋಡಿ, ಕೈ ಚಾಚಿ.

ಎರಡು ಜಾಗಗಳಿಗೆ ಹೋಗಲೇಬೇಡಿ. ನಿಲ್ದಾಣಕ್ಕೆ ಬರುತ್ತಿರುವ ಬಸ್ಸಿಗೂ ಫುಟ್‌ಪಾತಿಗೂ ನಡುವಿನ ಸಂದು ಒಂದು. ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗಲು ನಿಂತ ಲಾರಿಯ ಎಡಪಕ್ಕ ಇನ್ನೊಂದು. ಅಲ್ಲಿ ನೀವು ಡ್ರೈವರನ ಕಣ್ಣಿಗೆ ಬೀಳುವುದೇ ಇಲ್ಲ. ಲಾರಿ ತಿರುಗುವಾಗ ಅದರ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ಒಳಗೆ ಬರುತ್ತದೆ. ಎರಡು ನಿಮಿಷ ಹಿಂದೆಯೇ ನಿಲ್ಲಿ.

ಹಂಪು ಬಂದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ಎರಡೂ ಪೆಡಲ್ ಸಮ ಎತ್ತರದಲ್ಲಿಟ್ಟು, ಸೀಟಿನಿಂದ ಚೂರು ಮೇಲೆದ್ದು ದಾಟಿ. ಬೆನ್ನು ಉಳಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದೇ ಅದಕ್ಕೆ ಆಟ. ನಿಂತುಬಿಡಿ. ಇಳಿದು ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಿಧಾನಕ್ಕೆ ನಡೆಯಿರಿ, ಹೆಚ್ಚಿನ ನಾಯಿಗಳು ಆಸಕ್ತಿ ಕಳೆದುಕೊಳ್ಳುತ್ತವೆ. ಹೆಲ್ಮೆಟ್ ಹಾಕಿ, ಕಾನೂನು ಕೇಳದಿದ್ದರೂ. ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು ಸಂಜೆ ಐದೂವರೆಯಿಂದಲೇ ಉರಿಯಲಿ.

ಮಳೆಗಾಲಕ್ಕೆ ಬೇರೆ ಜಾಗ್ರತೆ ಬೇಕು. ಒದ್ದೆಯಾದ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡು ಮೂರೂ ಜಾರುತ್ತವೆ. ಅವುಗಳ ಮೇಲೆ ಬ್ರೇಕ್ ಹಾಕಬಾರದು, ತಿರುಗಿಸಲೂಬಾರದು. ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಿಲ್ಲ, ಬಳಸಿ ಹೋಗಿ. ಮನೆಗೆ ಬಂದ ಮೇಲೆ ಚೈನನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಚೈನಿಗೆಂದೇ ಸಿಗುವ ಎಣ್ಣೆ ಹನಿ ಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಕೊಬ್ಬರಿ ಎಣ್ಣೆ ತಲೆಗೆ ಮಾತ್ರ.

ಬೆವರಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಬ್ಯಾಗು ಬೆನ್ನ ಮೇಲಿದ್ದರೆ ಬೆನ್ನು ಒದ್ದೆ. ಕ್ಯಾರಿಯರಿಗೆ ಕಟ್ಟಿದರೆ ಅರ್ಧ ಸಮಸ್ಯೆ ಮುಗಿಯಿತು. ಕೊನೆಯ ಒಂದು ಕಿಲೋಮೀಟರ್ ನಿಧಾನಕ್ಕೆ ಹೋಗಿ, ತಲುಪಿದ ಮೇಲೆ ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂತು, ಆಮೇಲೆ ಅಂಗಿ ಬದಲಿಸಿ. ಆಫೀಸಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಟವೆಲ್ ಇಟ್ಟಿರಿ. ಬೀಗ ಹಾಕುವಾಗ ಹಿಂದಿನ ಚಕ್ರ, ಚೌಕಟ್ಟು, ಕದಲದ ಕಂಬ ಮೂರೂ ಸೇರಬೇಕು. ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಸಂಜೆ ಮುಂದಿನ ಚಕ್ರ ಮಾತ್ರ ಸಿಗಬಹುದು.

ಭಾನುವಾರಕ್ಕೆ

ಕಬ್ಬನ್ ಪಾರ್ಕಿನೊಳಗೆ ಭಾನುವಾರ ಮೋಟಾರು ವಾಹನ ಬಿಡುವುದಿಲ್ಲ. ಮಕ್ಕಳ ಜೊತೆ ಶುರು ಮಾಡಲು ಅದಕ್ಕಿಂತ ಒಳ್ಳೇ ಜಾಗ ಊರೊಳಗೆ ಇಲ್ಲ. ಸ್ವಲ್ಪ ರೂಢಿಯಾದ ಮೇಲೆ ಹೆಸರಘಟ್ಟದ ಕಡೆ ಹೋಗಿ, ಕೆರೆ ಮತ್ತು ಹುಲ್ಲುಗಾವಲು ನೋಡಿಕೊಂಡು ಬರಬಹುದು. ಮೈಸೂರಿನವರು ಪುಣ್ಯವಂತರು. ಸಾರ್ವಜನಿಕ ಬಾಡಿಗೆ ಸೈಕಲ್ ‘ಟ್ರಿಣ್ ಟ್ರಿಣ್’ ಅಲ್ಲಿ 2017ರಲ್ಲೇ ಶುರುವಾಯಿತು. ಊರಿನಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ಹೋಗಿ ಬಂದರೆ ತಿಂಡಿ ಹೊತ್ತಿಗೆ ಮನೆ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯೇ ಗತಿ.

ಇನ್ನು ನಂದಿಬೆಟ್ಟ. ಬೆಂಗಳೂರಿನ ಸೈಕಲ್ಲಿಗರಿಗೆ ಅದೊಂದು ಪರೀಕ್ಷೆ ಇದ್ದ ಹಾಗೆ. ಊರ ಮಧ್ಯದಿಂದ ಅರವತ್ತು ಕಿಲೋಮೀಟರ್ ಆಸುಪಾಸು, ತುದಿ 1,478 ಮೀಟರ್. ಬೆಂಗಳೂರಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರ. ಮೊದಲ ಸಲವೇ ಮನೆಯಿಂದ ತುಳಿದುಕೊಂಡು ಹೋಗಬೇಕಿಲ್ಲ. ಕಾರಿಗೆ ಸೈಕಲ್ ಕಟ್ಟಿ ದೇವನಹಳ್ಳಿಯ ತನಕ ಹೋಗಿ, ಅಲ್ಲಿಂದ ಶುರು ಮಾಡಿ. ಏರಿನ ಬುಡದಲ್ಲೇ ಅತಿ ಹಗುರ ಗೇರು ಹಾಕಿ, ಮಾತಾಡಲು ಉಸಿರು ಉಳಿಯುವಷ್ಟು ವೇಗದಲ್ಲಿ ಹತ್ತಿ. ಹಿಂದಿನವರು ಮುಂದೆ ಹೋದರೆ ಹೋಗಲಿ ಬಿಡಿ. ಬಾಯಾರುವ ಮುಂಚೆಯೇ ನೀರು ಕುಡಿಯಿರಿ, ಹಸಿಯುವ ಮುಂಚೆಯೇ ಬಾಳೆಹಣ್ಣು ತಿನ್ನಿ. ವಾರದ ಕೊನೆಯಲ್ಲಿ ಕಾರು ಬೈಕುಗಳ ಸಾಲು ಇರುತ್ತದೆ, ಸಾಧ್ಯವಾದರೆ ವಾರದ ನಡುವೆ ಒಂದು ರಜೆ ಹಾಕಿ ಹೋಗಿ.

ಹತ್ತುವುದಕ್ಕಿಂತ ಇಳಿಯುವುದಕ್ಕೇ ಜಾಣತನ ಬೇಕು. ಬ್ರೇಕನ್ನು ಒಂದೇ ಸಮ ಹಿಡಿದರೆ ರಿಮ್ಮು ಬಿಸಿಯಾಗಿ ಹಿಡಿತ ತಪ್ಪುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒಮ್ಮೆ ಹಿಡಿದು ವೇಗ ಇಳಿಸಿ, ತಿರುವಿನೊಳಗೆ ಬಿಡಿ. ಎರಡೂ ಬ್ರೇಕ್ ಬಳಸಿ. ಮುಂದಿನದ್ದನ್ನು ಮಾತ್ರ ಜಗ್ಗಿದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಎದುರಿನಿಂದ ಕಾರು ಅಡ್ಡ ಬರುವ ತಿರುವುಗಳವು, ನಿಮ್ಮ ಎಡ ಬಿಡಬೇಡಿ. ಕೈ ಸೋತರೆ ನಿಂತು ಬೆರಳು ಕೊಡವಿಕೊಳ್ಳಿ.

ಇಷ್ಟಾಗಿಯೂ ಹುಚ್ಚು ಇಳಿಯದಿದ್ದರೆ ಮುಂದಿನದ್ದು ಬ್ರೆವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ಪಯಣ ಅದು. ರೇಸಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಲೆಕ್ಕ. ಬೆಂಗಳೂರಿನಿಂದ ಆಗಾಗ ನಡೆಯುತ್ತಿರುತ್ತವೆ. ಹೆಸರು ಕೊಡುವ ಮುಂಚೆ ನಿಯಮ ಓದಿಕೊಳ್ಳಿ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಹೊಳೆಯುವ ಪಟ್ಟಿಯ ಜಾಕೆಟ್ ಇಲ್ಲದೆ ಹೋದರೆ ಬ್ರೆವೆ ನಡೆಸುವವರು ಹೊರಡಲಿಕ್ಕೇ ಬಿಡುವುದಿಲ್ಲ.