ಫಿಟ್‌ನೆಸ್ ಟೆಸ್ಟ್‌ನಲ್ಲಿ ಕಾರು ಫೇಲ್ ಆದಾಗ ನಾನು ಮಾಡಿದ್ದು

ನನ್ನ 12 ವರ್ಷ ಹಳೆಯ ಪೆಟ್ರೋಲ್ ಕಾರು ಫಿಟ್‌ನೆಸ್ ಟೆಸ್ಟ್‌ನಲ್ಲಿ ಫೇಲ್ ಆಯಿತು. ಕೈಗೆ ಕೊಟ್ಟ ಹಾಳೆಯಲ್ಲಿ ಐದು ದೋಷ ಬರೆದಿದ್ದರು. ಮುಂದಿನ ಬ್ರೇಕ್ ಎಡ-ಬಲ ಸಮ ಇಲ್ಲ. ಎಡಗಡೆ ಹೆಡ್‌ಲೈಟ್ ಮಂಕು. ನಂಬರ್ ಪ್ಲೇಟ್ ಲೈಟ್ ಉರಿಯುತ್ತಿಲ್ಲ. ಒಂದು ಟೈರ್ ಸವೆದಿದೆ. ಬಲಗಡೆ ಆಕ್ಸಲ್ ಬೂಟ್, ಅಂದರೆ ಚಕ್ರ ತಿರುಗಿಸುವ ದಂಡದ ಜಾಯಿಂಟ್ ಮೇಲಿನ ರಬ್ಬರ್ ಚೀಲ, ಹರಿದಿದೆ.

ಹಾಳೆ ಹಿಡಿದು ಒಂದು ಗ್ಯಾರೇಜ್‌ಗೆ ಹೋದೆ. ಗಾಡಿಯನ್ನು ಎತ್ತಿಯೂ ನೋಡದೆ ಪಟ್ಟಿ ಮಾಡಿದರು: ಎರಡೂ ಕಡೆ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ) ಮತ್ತು ಪ್ಯಾಡ್ (ಆ ತಟ್ಟೆಯನ್ನು ಹಿಡಿಯುವ ತುಂಡು), ಎಡಗಡೆ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ), ಹೊಸ ಹೆಡ್‌ಲೈಟ್, ಟೈರ್, ಪೂರ್ತಿ ಆಕ್ಸಲ್. ಮೊತ್ತ ಕೇಳಿ ಕಾರನ್ನೇ ಮಾರಿಬಿಡೋಣ ಅನ್ನಿಸಿತು. ಆದರೆ ಟೆಸ್ಟ್‌ನ ಹಾಳೆ ಹೇಳುವುದು ಏನು ಸರಿ ಇಲ್ಲ ಅನ್ನುವುದನ್ನು ಮಾತ್ರ. ಯಾಕೆ ಸರಿ ಇಲ್ಲ ಅಂತ ಬಿಚ್ಚಿ ನೋಡಿದವರಿಗೇ ಗೊತ್ತಾಗುವುದು. ಆ "ಯಾಕೆ" ಗೊತ್ತಾಗದೆ ಯಾವ ಪಾರ್ಟನ್ನೂ ಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಮೊದಲು ಬ್ರೇಕ್. ಟೆಸ್ಟ್‌ನಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಎಡ ಎಷ್ಟು ಹಿಡಿಯುತ್ತದೆ, ಬಲ ಎಷ್ಟು ಹಿಡಿಯುತ್ತದೆ ಅಂತ ಬೇರೆ ಬೇರೆ ಅಳೆಯುತ್ತಾರೆ. ಯುರೋಪಿನ 2014ರ ತಪಾಸಣೆ ನಿಯಮದ ಪ್ರಕಾರ ಒಂದು ಚಕ್ರದ ಹಿಡಿತ ಅದರ ಜೊತೆ ಚಕ್ರದ 70%ಗಿಂತ ಕಡಿಮೆ ಇದ್ದರೆ ಫೇಲ್. ಇದು ಸುಮ್ನೆ ಮಾಡಿದ ನಿಯಮವಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ ಏನಾಗುತ್ತದೆ ಅಂತ ಓಡಿಸುವವರಿಗೆಲ್ಲ ಗೊತ್ತು.

ಜ್ಯಾಕ್ ಒಂದನ್ನೇ ನಂಬಬಾರದು. ಸ್ಟ್ಯಾಂಡ್ ಕೊಟ್ಟು ಚಕ್ರ ತೆಗೆದೆ. ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಆಯಿಲ್ ಹೋಸ್ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ತೂಗುಹಾಕಿದೆ. ಹೊರಗಿನ ಪ್ಯಾಡ್ 8 ಮಿ.ಮೀ. ದಪ್ಪ ಇತ್ತು, ಒಳಗಿನದು 3. ಅದನ್ನು ನೋಡಿದ ತಕ್ಷಣ ಅರ್ಧ ಉತ್ತರ ಸಿಕ್ಕಿತು. ಈ ಥರದ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಜಾರದಿದ್ದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ಮೇಲಿನ ಪಿನ್ ಬೆರಳಲ್ಲಿ ಎಳೆದರೆ ಬಂತು. ಕೆಳಗಿನದು ಜಾಮ್. ಅದರ ರಬ್ಬರ್ ಹರಿದು, ನೀರು ಹೋಗಿ, ಗ್ರೀಸ್ ಒಣಗಿ ಕಂದು ಬಣ್ಣದ ಹೆಂಟೆಯಾಗಿತ್ತು. ತಿರುಗಿಸಿ ತಿರುಗಿಸಿ ಹೊರಗೆ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಪಿನ್ ಉಜ್ಜಿ, ಹೊಸ ರಬ್ಬರ್ ಹಾಕಿ, ಬ್ರೇಕ್ ಪಿನ್‌ಗೇ ಅಂತ ಬರುವ ಗ್ರೀಸ್ ಹಚ್ಚಿದೆ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಜಾಮ್ ಆಗುತ್ತದೆ.

ಡಿಸ್ಕ್ ಎಷ್ಟರವರೆಗೆ ಸವೆಯಬಹುದು ಅಂತ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಅಳೆದೆ, ಇನ್ನೂ ಬೇಕಾದಷ್ಟು ದಪ್ಪ ಇತ್ತು. ಪ್ಯಾಡ್ ಮಾತ್ರ ಎರಡೂ ಕಡೆ ಹೊಸದು ಹಾಕಿದೆ, ಒಂದೇ ಕಡೆ ಬದಲಿಸಬಾರದು. ಅಂದರೆ ಡಿಸ್ಕ್, ಕ್ಯಾಲಿಪರ್ ಎರಡರ ದುಡ್ಡೂ ಉಳಿಯಿತು.

ಹೆಡ್‌ಲೈಟ್‌ಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಗಾಜು ಹಳದಿ ಆಗಿರಲಿಲ್ಲ, ಬಲ್ಬ್ ಅದಲು ಬದಲು ಮಾಡಿದರೂ ಎಡಗಡೆಯೇ ಮಂಕು. ಮಲ್ಟಿಮೀಟರ್ ಹಿಡಿದು ನೋಡಿದರೆ ಎಡಗಡೆ ಬಲ್ಬ್‌ಗೆ ವೋಲ್ಟೇಜ್ ಪೂರ್ತಿ ಬರುತ್ತಿರಲಿಲ್ಲ. ಹ್ಯಾಲೊಜನ್ ಬಲ್ಬ್‌ಗೆ ವೋಲ್ಟೇಜ್ 10% ಇಳಿದರೆ ಬೆಳಕು ಹತ್ತಿರ ಹತ್ತಿರ 30% ಇಳಿಯುತ್ತದೆ. ಕಾರಿನ ಲೋಹದ ಮೈಗೆ ಕೂರಿಸಿದ್ದ, ಕರೆಂಟ್ ವಾಪಸ್ ಹೋಗುವ ಅರ್ತ್ ವೈರ್‌ನ ಬೋಲ್ಟ್ ಕೆಳಗೆ ತುಕ್ಕು ಹಿಡಿದಿತ್ತು. ಉಜ್ಜುಕಾಗದದಲ್ಲಿ ತಿಕ್ಕಿ ಬಿಗಿ ಮಾಡಿದೆ, ಅಷ್ಟೇ. ನಂಬರ್ ಪ್ಲೇಟ್‌ಗೆ 5 ವ್ಯಾಟ್‌ನ ಪುಟ್ಟ ಬಲ್ಬ್. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಾದ ಎಂಒಟಿ ಟೆಸ್ಟ್‌ನಲ್ಲೂ ಜಾಸ್ತಿ ಕಾರುಗಳು ಬೀಳುವುದು ಲೈಟುಗಳ ವಿಷಯದಲ್ಲೇ. ಟೆಸ್ಟ್‌ನ ಹಿಂದಿನ ದಿನ ಸಂಜೆ ಯಾರನ್ನಾದರೂ ಬ್ರೇಕ್ ಒತ್ತಲು ಕೂರಿಸಿ, ಲೈಟು ನೋಡುತ್ತಾ ಕಾರಿಗೆ ಒಂದು ಸುತ್ತು ಬಂದರೆ ಸಾಕು, ಅಲ್ವಾ?

ಟೈರ್‌ಗೆ ದುಡ್ಡು ಕೊಡಲೇಬೇಕಾಯಿತು. ಅನೇಕ ದೇಶಗಳಲ್ಲಿ ಟೈರ್ ಗೀರಿನ ಆಳದ ಕನಿಷ್ಠ ಮಿತಿ 1.6 ಮಿ.ಮೀ. ಟೈರ್‌ನ ಗೀರುಗಳ ನಡುವೆ ಇರುವ ಅಡ್ಡ ಉಬ್ಬಿನ ಮಟ್ಟಕ್ಕೆ ರಬ್ಬರ್ ಇಳಿದರೆ ಮಿತಿ ಮುಟ್ಟಿತು ಅಂತ ಅರ್ಥ. ನನ್ನದು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳ ಅಂಚು ನೋಡಿದರೆ ಬೋಳು. ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿತ್ತು. ಅದನ್ನು ಸರಿ ಮಾಡಿಸದೆ ಟೈರ್ ಮಾತ್ರ ಹಾಕಿಸಿದ್ದರೆ ಹೊಸದೂ ಹಾಗೇ ಬೋಳಾಗುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಖರ್ಚಾಗಿದ್ದು ಆಕ್ಸಲ್‌ಗೆ. ಇಲ್ಲಿ ಗ್ಯಾರೇಜ್‌ನವರು ಹೇಳಿದ್ದೇ ಸರಿ ಇತ್ತು. ಬೂಟ್ ಒಳಗೆ ಗ್ರೀಸ್ ಇರುತ್ತದೆ. ಏಳೆಂಟು ತಿಂಗಳ ಹಿಂದೆ ಆ ಚಕ್ರದ ಒಳಗಡೆ ಕಪ್ಪು ಗ್ರೀಸ್ ಚಿಮ್ಮಿದ್ದು ನೋಡಿದ್ದೆ. ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಿದ್ದೆ. ಆವತ್ತೇ ಹಿಡಿದಿದ್ದರೆ ಒಂದು ಬೂಟ್, ಒಂದು ಪೊಟ್ಟಣ ಗ್ರೀಸ್, ಎರಡು ಕ್ಲಿಪ್, ಕೂಲಿ, ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ಮಣ್ಣು ಒಳಗೆ ಹೋಗಿ ಜಾಯಿಂಟ್ ತಿಂದುಹೋಗಿತ್ತು. ಪೂರ್ತಿ ತಿರುಗಿಸಿ ಹೊರಟರೆ ಟಕ್ ಟಕ್ ಸದ್ದು. ಆಕ್ಸಲ್ ನಟ್ ಬಿಗಿ ಮಾಡಲು ತಕ್ಕ ಟಾರ್ಕ್ ವ್ರೆಂಚ್ ನನ್ನ ಹತ್ತಿರ ಇಲ್ಲ. ಹಾಗಾಗಿ ಈ ಕೆಲಸವನ್ನು ಮೆಕ್ಯಾನಿಕ್‌ಗೇ ಕೊಟ್ಟೆ. ಉಳಿದ ನಾಲ್ಕಕ್ಕೂ ಸೇರಿ ಆದದ್ದಕ್ಕಿಂತ ಇದೊಂದಕ್ಕೇ ಜಾಸ್ತಿ ಆಯಿತು.

ಇನ್ನೊಂದು ವಿಷಯ. ಎಂಜಿನ್ ಲೈಟ್ ಉರಿಯುತ್ತಿದ್ದರೆ ಟೆಸ್ಟ್‌ನ ಹಿಂದಿನ ದಿನ ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಅಳಿಸಿ ಹೋಗಬೇಡಿ. ಕೋಡ್ ಜೊತೆ ಕಾರಿನ ಕಂಪ್ಯೂಟರ್ ಮಾಡಿಟ್ಟ ಸ್ವಂತ ತಪಾಸಣೆಯ ದಾಖಲೆಯೂ ಅಳಿಯುತ್ತದೆ. ಟೆಸ್ಟ್‌ನಲ್ಲಿ ಆ ದಾಖಲೆ ನೋಡುವ ಕಡೆ ಈಗಷ್ಟೇ ಅಳಿಸಿದ್ದು ಗೊತ್ತಾಗುತ್ತದೆ. ದೋಷವಂತೂ ಹಾಗೇ ಉಳಿದಿರುತ್ತದೆ.

ಎರಡನೇ ಸಲ ರೋಲರ್ ಮೇಲೆ ಎಡ-ಬಲದ ಅಂಕಿಗಳು ಹೆಚ್ಚುಕಡಿಮೆ ಒಂದೇ ಬಂದವು. ಕಾರು ಪಾಸ್. ಹಾಳೆಯ ಕೆಳಗೆ ಒಂದು ಸೂಚನೆ ಮಾತ್ರ ಇತ್ತು: ಎಡಗಡೆ ಲೋವರ್ ಆರ್ಮ್‌ನ (ಚಕ್ರ ಹಿಡಿದಿರುವ ಕೆಳಗಿನ ತೋಳಿನ) ಬುಷ್‌ನಲ್ಲಿ, ಅಂದರೆ ಅದರ ರಬ್ಬರ್ ಜೋಡಣೆಯಲ್ಲಿ, ಸಣ್ಣ ಬಿರುಕು. ನನ್ನ ಕಾರಿಗೆ ಬುಷ್ ಒಂದನ್ನೇ ಪ್ರೆಸ್‌ನಲ್ಲಿ ಕೂರಿಸಬಹುದಂತೆ, ಇಡೀ ಆರ್ಮ್ ಬೇಕಿಲ್ಲ. ಬುಷ್ ತಂದಿಟ್ಟಿದ್ದೇನೆ. ಈ ವಾರ ಹಾಕಿಸುತ್ತೇನೆ.