ಮೂವತ್ತು ದಾಟಿದ ಮೇಲೆ ಮೊಡವೆಯೇ? ಹಚ್ಚುವ ಮೊದಲು ಟ್ಯೂಬ್ ಓದಿ

ಹೈಸ್ಕೂಲಿನಲ್ಲಿ ನನ್ನ ಮುಖದ ಮೇಲೆ ಒಂದೇ ಒಂದು ಮೊಡವೆ ಇರಲಿಲ್ಲ. ಬಾಕಿ ಉಳಿದಿದ್ದೆಲ್ಲ ಬಡ್ಡಿ ಸಮೇತ ಬಂದದ್ದು 34ಕ್ಕೆ. ಕಲಬುರಗಿಯ ಏಪ್ರಿಲ್, ಬಿಸಿಲು 40 ಡಿಗ್ರಿ ದಾಟಿದ ದಿನಗಳು. ಎರಡೇ ವಾರದಲ್ಲಿ ಗದ್ದ, ದವಡೆ ತುಂಬ ಗುಳ್ಳೆ. ಚರ್ಮದೊಳಗೆ ಗಂಟು ಕಟ್ಟಿದ ಹಾಗೆ, ಮುಟ್ಟಿದರೆ ನೋವು.

“ಉಷ್ಣ ಆಗ್ಯದವ್ವಾ, ಮಾವಿನಹಣ್ಣು ಬಿಡು” ಅಂದರು ಅತ್ತೆ. ಮನೆ ಹತ್ತಿರದ ಮೆಡಿಕಲ್‌ನ ಹುಡುಗ ಪ್ರಶ್ನೆ ಸಹ ಕೇಳಲಿಲ್ಲ. “ಇದು ಹಚ್ರಿ ಅಕ್ಕಾರ, ನಾಕು ದಿನದಾಗ ಮಾರಿ ಸಾಫ್ ಆಗ್ತದ” ಅಂತ ಒಂದು ಸಣ್ಣ ಟ್ಯೂಬ್ ಕೈಗಿಟ್ಟ. ನಾಲ್ಕು ದಿನದಲ್ಲಿ ನಿಜವಾಗಿಯೂ ಸಾಫ್ ಆಯಿತು. ಒಂದೂವರೆ ತಿಂಗಳಲ್ಲಿ ಮೊದಲಿನ ಎರಡರಷ್ಟು ಗುಳ್ಳೆ, ಜೊತೆಗೆ ಕೆನ್ನೆಯೆಲ್ಲ ಕೆಂಪು, ಉರಿ. ಚಪಾತಿ ಸುಡಲು ಒಲೆ ಮುಂದೆ ನಿಂತರೆ ಸಾಕು, ಮುಖಕ್ಕೆ ಖಾರ ಹಚ್ಚಿದ ಹಾಗೆ ಆಗುತ್ತಿತ್ತು.

ನಾನು ಹಿಂದುಮುಂದಾಗಿ ಕಲಿತದ್ದನ್ನು ಇಲ್ಲಿ ಸರಿಯಾದ ಕ್ರಮದಲ್ಲಿ ಬರೆದಿದ್ದೇನೆ.

1. ಕ್ಯಾಲೆಂಡರ್ ಹಿಡಿದು ಮೂರು ತಿಂಗಳು ಹಿಂದೆ ಹೋಗಿ

ಮೊಡವೆ ನಿನ್ನೆ ಹುಟ್ಟಿದ್ದಲ್ಲ. ಚರ್ಮದ ಎಣ್ಣೆ ಮತ್ತು ಸತ್ತ ಚರ್ಮದ ಪುಡಿ ಸೇರಿ ಕೂದಲಿನ ರಂಧ್ರ ಮುಚ್ಚುತ್ತವೆ. ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸುತ್ತ ಊತ ಬರುತ್ತದೆ. ಅದು ಹೊರಗೆ ಕಾಣುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಹಾಗಾಗಿ ಮೊನ್ನೆ ತಿಂದ ಮಾವಿನಹಣ್ಣನ್ನೋ ಮಿರ್ಚಿ ಭಜಿಯನ್ನೋ ಬೈದು ಪ್ರಯೋಜನವಿಲ್ಲ.

ಒಂದು ಹಾಳೆಯಲ್ಲಿ ಬರೆಯಿರಿ. ಈ ಮೂರು ತಿಂಗಳಲ್ಲಿ ಹೊಸದಾಗಿ ಏನು ಶುರುವಾಯಿತು? ಏನು ನಿಂತಿತು? ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಿಗೆ ಮೊಡವೆ ಏಳುತ್ತದೆ. ಉಬ್ಬಸಕ್ಕೋ ಕೀಲುನೋವಿಗೋ ತಗೊಳ್ಳುವ ಸ್ಟೀರಾಯ್ಡ್ ಮಾತ್ರೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಟಿಬಿಗೆ ಕೊಡುವ ಐಸೋನಿಯಾಜಿಡ್, ಮನೋರೋಗಕ್ಕೆ ಕೊಡುವ ಲಿಥಿಯಂ, ಬಿ12 ಇಂಜೆಕ್ಷನ್ ಇವುಗಳಿಂದಲೂ ಬರಬಹುದು. ಜಿಮ್‌ಗೆ ಹೋಗುವ ಹುಡುಗರು ವೇ ಪ್ರೋಟೀನ್ ಪುಡಿಯನ್ನೂ ಬರೆಯಲಿ. ಯಾರೋ ಕೊಡಿಸಿದ ‘ಬಾಡಿ ಕಟ್ಟುವ’ ಇಂಜೆಕ್ಷನ್ ತಗೊಂಡಿದ್ದರೆ ಅದನ್ನೂ ಮುಚ್ಚಿಡದೆ ಬರೆಯಲಿ.

ಆದರೆ ಫಿಟ್ಸ್ ಅಥವಾ ಟಿಬಿ ಮಾತ್ರೆಯನ್ನು ಮೊಡವೆ ಬಂತು ಅಂತ ನೀವೇ ನಿಲ್ಲಿಸಬೇಡಿ. ಮೊಡವೆ ಕಾಯುತ್ತದೆ, ಆ ರೋಗಗಳು ಕಾಯುವುದಿಲ್ಲ.

2. ಎಲ್ಲಿ ಎದ್ದಿವೆ, ತುರಿಸುತ್ತವೆಯೇ ನೋಡಿ

ಬೆಳಗಿನ ಬೆಳಕಿಗೆ ಕಿಟಕಿ ಹತ್ತಿರ ಕನ್ನಡಿ ಹಿಡಿಯಿರಿ. ಹೆಂಗಸರಿಗೆ ಗದ್ದ, ದವಡೆಯ ಸುತ್ತ ಆಳದ ಗುಳ್ಳೆ ಎದ್ದು, ಮುಟ್ಟಿನ ಮುಂಚಿನ ವಾರ ಜಾಸ್ತಿಯಾದರೆ ಹಾರ್ಮೋನಿನ ಕಡೆ ಅನುಮಾನ ಪಡಬೇಕು. ಮುಟ್ಟು ಏರುಪೇರಾಗಿ, ಗದ್ದದಲ್ಲಿ ದಪ್ಪ ಕೂದಲು ಬಂದು, ನೆತ್ತಿಯ ಕೂದಲು ತೆಳ್ಳಗಾಗುತ್ತಿದ್ದರೆ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ ಇರಬಹುದು. ಆಗ ಬರೀ ಮುಖಕ್ಕೆ ಹಚ್ಚುತ್ತಾ ಕೂತರೆ ಆಗುವುದಿಲ್ಲ.

ಹಣೆಯ ಮೇಲಂಚಿನಲ್ಲಿ ಮಾತ್ರ ಇದ್ದರೆ ತಲೆಗೆ ಹಚ್ಚುವ ಎಣ್ಣೆ ನೋಡಿ. ನಮ್ಮ ಕಡೆ ಎಣ್ಣೆ ಬಿಡಿ ಅಂದರೆ ಮನೆಯಲ್ಲಿ ಜಗಳವೇ ಆಗುತ್ತದೆ. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ರಾತ್ರಿಯಿಡೀ ದಿಂಬಿಗೂ ಹಣೆಗೂ ಇಳಿಯಲು ಬಿಡಬೇಡಿ.

ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ ಎದ್ದು, ತುರಿಕೆ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಬೆವರಿನ ಕಾಲದಲ್ಲಿ ಮಲಸೇಜಿಯಾ ಎಂಬ ಶಿಲೀಂಧ್ರ ಇಂಥ ಗುಳ್ಳೆ ಎಬ್ಬಿಸುತ್ತದೆ. ಅದಕ್ಕೆ ಮೊಡವೆಯ ಆಂಟಿಬಯಾಟಿಕ್ ನುಂಗಿದರೆ ಇನ್ನಷ್ಟು ಹೆಚ್ಚಾಗಬಹುದು. ಕೀಟೊಕೊನಜೋಲ್‌ನಂಥ ಶಿಲೀಂಧ್ರದ ಔಷಧಿಯೇ ಬೇಕು. ಇನ್ನು, ಬ್ಲ್ಯಾಕ್‌ಹೆಡ್, ವೈಟ್‌ಹೆಡ್ ಯಾವುದೂ ಇಲ್ಲದೆ ಕೆನ್ನೆ, ಮೂಗು ಆಗಾಗ ಕೆಂಪಾಗಿ ಉರಿದರೆ ಅದು ರೊಸೇಸಿಯಾ ಇರಬಹುದು. ಅದರ ದಾರಿಯೇ ಬೇರೆ.

3. ಮನೆಯಲ್ಲಿರುವ ಟ್ಯೂಬ್‌ಗಳನ್ನೆಲ್ಲ ಹೊರಗೆ ತೆಗೆಯಿರಿ

ಇದಕ್ಕೆ ಪೂರ್ತಿ ಅರ್ಧ ಗಂಟೆ ಕೊಡಿ. ಫ್ರಿಜ್ಜಿನ ಬಾಗಿಲು, ಪೌಡರ್ ಡಬ್ಬಿಯ ಹಿಂದೆ, ಗಂಡನ ಶೇವಿಂಗ್ ಸಾಮಾನಿನ ನಡುವೆ ಎಲ್ಲ ಹುಡುಕಿ. ಟ್ಯೂಬಿನ ಮುಂದಿನ ದೊಡ್ಡ ಹೆಸರು ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ.

ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲುಯೋಸಿನೊಲೋನ್. ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್ ಕ್ರೀಮ್. ಓದದೆ ಬಿಟ್ಟುಬಿಡಲು ಅನುಕೂಲವಾಗುವಷ್ಟು ಸಣ್ಣದಾಗಿ ಬರೆದಿರುತ್ತಾರೆ ಬೇರೆ! ನನ್ನ ಟ್ಯೂಬಿನಲ್ಲಿ ಕ್ಲೋಬೆಟಾಸಾಲ್ ಜೊತೆಗೆ ಒಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರದ ಔಷಧಿ ಎಲ್ಲ ಕಲಸಿತ್ತು. ಮದುವೆ ಊಟದ ಎಲೆ ಥರ, ಎಲ್ಲ ಒಂದೊಂದು ಚೂರು.

ಸ್ಟೀರಾಯ್ಡ್ ಊತವನ್ನು ಕೂಡಲೇ ಇಳಿಸುತ್ತದೆ. ಅದಕ್ಕೇ ನಾಲ್ಕು ದಿನದಲ್ಲಿ ಸಾಫ್. ದಿನಾ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಕಾಣತೊಡಗುತ್ತವೆ, ಅದೇ ಹೊಸ ಗುಳ್ಳೆ ಎಬ್ಬಿಸುತ್ತದೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಮತ್ತೆ ಹಚ್ಚಬೇಕು ಅನ್ನಿಸುತ್ತದೆ. ಚರ್ಮದ ಡಾಕ್ಟರುಗಳು ಇದನ್ನು ಬೇರೆ ಕಾಯಿಲೆಯಾಗಿಯೇ ಗುರುತಿಸುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕೌಂಟರಿನ ಈಚೆ ನಿಂತವರಿಗೆ ಇದು ಗೊತ್ತಿರುವುದು ಒಳ್ಳೆಯದು.

ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಟ್ಟು ಮನೆಯಲ್ಲಿ ನರಳಬೇಡಿ. ಹೇಗೆ ಬಿಡಬೇಕು ಅಂತ ಡಾಕ್ಟರೇ ಹೇಳಬೇಕು. ನನಗೆ ಮೂರು ವಾರ ಹಿಡಿಯಿತು.

4. ಉಜ್ಜುವುದನ್ನು ನಿಲ್ಲಿಸಿ

ದಿನಕ್ಕೆ ಎರಡು ಸಲ, ಸೌಮ್ಯವಾದ ಫೇಸ್‌ವಾಶ್, ಬೆರಳಿನಿಂದ. ಅಷ್ಟೇ. ನಿಂಬೆಹಣ್ಣು, ಟೂತ್‌ಪೇಸ್ಟ್, ಸ್ಕ್ರಬ್ ಯಾವುದೂ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ಸರಿಯಾಗಿ ತೊಳೆದು ಹೋಗದೆ ಚರ್ಮ ಬಿರುಸಾಗುತ್ತದೆ, ನಾವು ಇನ್ನೂ ಉಜ್ಜುತ್ತೇವೆ. ಎಣ್ಣೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಎಣ್ಣೆಮುಖಕ್ಕೆ ಅದು ಯಾಕೆ ಅಂತ ನಾನೂ ಕೇಳಿದ್ದೆ. ಒಣಗಿದ ಚರ್ಮ ಔಷಧಿಯನ್ನು ತಡೆದುಕೊಳ್ಳುವುದಿಲ್ಲ, ಅದಕ್ಕೆ. ಹೊರಗೆ ಹೋಗುವಾಗ ಜೆಲ್ ಥರದ ಸನ್‌ಸ್ಕ್ರೀನ್. ದುಪಟ್ಟಾ ಸುತ್ತಿ ಸ್ಕೂಟಿ ಓಡಿಸುವವರು ಅದನ್ನು ದಿನಾ ಒಗೆಯಿರಿ.

ಗುಳ್ಳೆ ಹಿಚುಕಬೇಡಿ ಅಂತ ಹೇಳಬೇಕೇ? ಹೇಳುತ್ತೇನೆ, ಯಾಕೆಂದರೆ ನಾನೇ ಹಿಚುಕಿ ಗದ್ದದಲ್ಲಿ ಒಂದು ಕುಳಿ ಮಾಡಿಕೊಂಡಿದ್ದೇನೆ.

5. ಚರ್ಮದ ಡಾಕ್ಟರ ಹತ್ತಿರ, ಚೀಲ ಸಮೇತ

ಆಳದ ನೋವಿನ ಗಂಟು, ಕಲೆ ಬೀಳುವುದು, ಮುಟ್ಟಿನ ತೊಂದರೆ, ಸ್ಟೀರಾಯ್ಡ್ ಹಚ್ಚಿದ ಮುಖ. ಇದರಲ್ಲಿ ಒಂದಿದ್ದರೂ ತಡಮಾಡಬೇಡಿ. ಕಲಬುರಗಿಯಲ್ಲಿ ಜಿಮ್ಸ್ ಮತ್ತು ಇಎಸ್‌ಐಸಿ ವೈದ್ಯಕೀಯ ಕಾಲೇಜು, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಹೀಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಅಲ್ಲಿ ಚರ್ಮರೋಗ ವಿಭಾಗ ಕೇಳಿ. ಖಾಸಗಿಗೆ ಹೋದರೆ ಬೋರ್ಡಿನ ಮೇಲೆ ಎಂಡಿ ಡಿವಿಎಲ್, ಡಿಡಿವಿಎಲ್, ಚರ್ಮರೋಗದ ಡಿಎನ್‌ಬಿ ಇಂಥ ಪದವಿ ಇದೆಯೇ ನೋಡಿ. ‘ಸ್ಕಿನ್ ಕೇರ್’ ಅಂತ ಬರೆದದ್ದೆಲ್ಲ ಡಾಕ್ಟರ ಬೋರ್ಡಲ್ಲ, ಅಲ್ವಾ?

ಟ್ಯೂಬ್‌ಗಳು, ಮೂರು ತಿಂಗಳ ಹಾಳೆ, ಮುಟ್ಟಿನ ದಿನಾಂಕ, ಎಲ್ಲ ಒಂದು ಕೈಚೀಲಕ್ಕೆ ಹಾಕಿ ಒಯ್ಯಿರಿ. ಅಂದು ಪೌಡರ್ ಬೇಡ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆ ಇದ್ದರೆ ಮೊದಲ ಮಾತು ಅದೇ ಆಗಲಿ. ಔಷಧಿಯ ಆಯ್ಕೆ ಪೂರ್ತಿ ಬದಲಾಗುತ್ತದೆ. ಮೊಡವೆಗೆ ಹಚ್ಚುವ ಔಷಧಿಗಳಲ್ಲಿ ಅಡಾಪಲಿನ್ ಆಗ ಬೇಡ, ಅಜೆಲಾಯಿಕ್ ಆಸಿಡ್ ಸಾಮಾನ್ಯವಾಗಿ ನಡೆಯುತ್ತದೆ.

6. ಬರೆದುಕೊಟ್ಟದ್ದನ್ನು ಹಚ್ಚುವ ರೀತಿ

ಸಾಮಾನ್ಯವಾಗಿ ರಾತ್ರಿಗೆ ಅಡಾಪಲಿನ್ ಜೆಲ್, ಬೆಳಿಗ್ಗೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಬರೆಯುತ್ತಾರೆ. ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಇಡೀ ಮುಖಕ್ಕೆ ಒಂದು ಹಸಿ ತೊಗರಿಕಾಳಿನಷ್ಟು ಜೆಲ್. ತೊಗರಿ ನಾಡಿನವರಿಗೆ ಈ ಅಳತೆ ತಪ್ಪಲಾರದು. ಗುಳ್ಳೆಗೆ ಮಾತ್ರ ಬೊಟ್ಟಿಡುವುದಲ್ಲ, ಆ ಜಾಗಕ್ಕೆಲ್ಲ ತೆಳ್ಳಗೆ. ಮುಚ್ಚುತ್ತಿರುವ ರಂಧ್ರಗಳು ಇನ್ನೂ ಕಾಣಿಸಿರುವುದಿಲ್ಲ. ಮೊದಲೆರಡು ವಾರ ದಿನ ಬಿಟ್ಟು ದಿನ.

ಬೆಂಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ನನ್ನ ಮೆರೂನ್ ಟವೆಲ್ಲಿನ ಮೇಲೆ ಈಗ ಐದು ಕಿತ್ತಳೆ ಬೆರಳಚ್ಚುಗಳಿವೆ. ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಇಟ್ಟುಕೊಳ್ಳಿ.

ಎರಡನೇ, ಮೂರನೇ ವಾರದಲ್ಲಿ ಸಿಪ್ಪೆ ಏಳಬಹುದು, ಗುಳ್ಳೆ ಸ್ವಲ್ಪ ಜಾಸ್ತಿಯೂ ಆಗಬಹುದು. ಹೆಚ್ಚಿನವರು ಬಿಡುವುದು ಇಲ್ಲೇ. ಫಲ ಕಾಣಲು 8ರಿಂದ 12 ವಾರ ಬೇಕು. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಭಾನುವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತಿಗೆ ಒಂದು ಫೋಟೊ ಸಾಕು.

ಮಾತ್ರೆ ಬರೆದರೆ ಎಷ್ಟು ದಿನ ಅಂತ ಕೇಳಿಕೊಳ್ಳಿ. ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಬೇಡ, ಮೇಲೆ ಹಚ್ಚುವ ಔಷಧಿ ಜೊತೆಗೇ ಇರಬೇಕು. ಲೋಟದ ತುಂಬ ನೀರು ಕುಡಿದು ನುಂಗಿ, ಕೂಡಲೇ ಮಲಗಬೇಡಿ. ಈ ಮಾತ್ರೆ ತಗೊಳ್ಳುವಾಗ ನಮ್ಮ ಬಿಸಿಲು ಚರ್ಮವನ್ನು ಬೇಗ ಸುಡುತ್ತದೆ. ಹಠಮಾರಿ ಮೊಡವೆಗೆ ಐಸೊಟ್ರೆಟಿನಾಯಿನ್ ಕೊಡುತ್ತಾರೆ. ಒಳ್ಳೆಯ ಔಷಧಿ, ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ಶುರುಮಾಡುವ ಒಂದು ತಿಂಗಳು ಮುಂಚೆಯಿಂದ, ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲಬಾರದು. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಬೇಕು. ನಿಮಗೆ ಗುಣ ಆಯಿತು ಅಂತ ತಂಗಿಗೆ ನಾಲ್ಕು ಮಾತ್ರೆ ಕೊಟ್ಟು ಕಳಿಸುವ ಔಷಧಿ ಅಲ್ಲ.

ಊಟದ ವಿಷಯ ಚಿಕ್ಕದು. ಸಕ್ಕರೆ, ಮೈದಾ ಕಡಿಮೆ ಮಾಡಿದರೆ ಕೆಲವರಿಗೆ ಅನುಕೂಲ. ಜೋಳದ ರೊಟ್ಟಿ, ಪುಂಡಿಪಲ್ಯ ಬಿಡುವ ಅಗತ್ಯವಿಲ್ಲ.

ನನಗೆ ಹನ್ನೊಂದನೇ ವಾರದ ಫೋಟೊದಲ್ಲಿ ವ್ಯತ್ಯಾಸ ಕಂಡಿತು. ಅದನ್ನು ಅತ್ತೆಗೆ ತೋರಿಸಿದೆ. ನೋಡಿದರು, ಏನೂ ಅನ್ನಲಿಲ್ಲ, ಒಳಗೆ ಹೋದರು. ಬಂದಾಗ ಕೈಯಲ್ಲಿ ಒಂದು ಅರ್ಧ ಮಡಚಿದ ಟ್ಯೂಬ್ ಇತ್ತು. ಮುಖದ ಕಂದು ಕಲೆಗೆ, ಬಂಗಿಗೆ ಅಂತ ಎರಡು ವರ್ಷದಿಂದ ಹಚ್ಚುತ್ತಿದ್ದರಂತೆ.

“ನನ್ನ ಕಣ್ಣಿಗೆ ಕಾಣಂಗಿಲ್ಲ. ಇದ್ರಾಗ ಏನ್ ಬರ್ದಾರ ನೋಡವ್ವಾ.”

ಮೊಮೆಟಾಸೋನ್. ಸೋಮವಾರ ಇಬ್ಬರೂ ಒಂದೇ ಆಟೊದಲ್ಲಿ ಚರ್ಮರೋಗ ವಿಭಾಗಕ್ಕೆ ಹೋದೆವು. ಚೀಲ ಈ ಸಲ ಅವರ ಕೈಯಲ್ಲಿತ್ತು.