ನಾಲ್ಕೇ ಜಿಬಿಯಲ್ಲಿ ಮೆಣಸಿನಕಾಯಿ ಸೀಸನ್ ದಾಟಿತು

ಬ್ಯಾಡಗಿಯ ದಲಾಲಿ ಅಂಗಡಿಯೊಂದರ ಬಿಲ್ಲಿಂಗ್ ಸರ್ವರ್: ಲಿನಕ್ಸ್ ಓಡುವ ಹಳೇ ಐ3, 4 ಜಿಬಿ ರ‍್ಯಾಮ್, ಎರಡನೇ ಸ್ಲಾಟ್ ಸತ್ತಿದೆ, ಡಿಸ್ಕ್ ಎಸ್‌ಎಸ್‌ಡಿ ಅಲ್ಲ. ‘ಇದು ಆಗೋದಲ್ರೀ, ಹೊಸಾದು ತಗೋರಿ’ ಅಂದವರೇ ಎಲ್ಲ. ಹುಬ್ಬಳ್ಳಿ ಕೊಟೇಶನ್ 30 ಸಾವಿರದ ಆಸುಪಾಸು. ಆ ದುಡ್ಡು ಉಳಿಯಿತು, ಕೊನೆಗೆ ಸರಿ ಹೊಂದಿಸಿದ ಮೇಲೆ ಡೇಟಾಬೇಸ್ ಒಮ್ಮೆಯೂ ಸಾಯಲಿಲ್ಲ.

ಮೊದಲು ಡಿಸ್ಕ್ ಮೇಲೆ 8 ಜಿಬಿ ಸ್ವಾಪ್ (ಮೆಮೊರಿ ತುಂಬಿದಾಗ ಡೇಟಾ ಇಳಿಸಿಡುವ ಜಾಗ) ಕೊಟ್ಟಿದ್ದೇ ತಪ್ಪು. ಮೌಸ್ ಕೂಡ ಅಲುಗದೆ ಹತ್ತು ಹದಿನೈದು ನಿಮಿಷ ಜಾಮ್. ಪೇಜ್‌ಗಳನ್ನು (ಮೆಮೊರಿಯ ತುಂಡುಗಳನ್ನು) ಹೊರಹಾಕಿ ಚೂರುಪಾರು ಜಾಗ ಸಿಗುವ ತನಕ ಲಿನಕ್ಸಿನ ತಿರುಳಾದ ಕರ್ನಲ್‌ಗೆ ಮೆಮೊರಿ ಮುಗಿದಿದೆ ಅನ್ನಿಸುವುದೇ ಇಲ್ಲ, ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ಓಓಎಂ ಕಿಲ್ಲರ್ ಬರುವುದೂ ಇಲ್ಲ. ಸ್ವಾಪ್ ತೆಗೆದೆ, ಕಿಲ್ಲರ್ ಬಂತು, ಎಲ್ಲರಿಗಿಂತ ಹೆಚ್ಚು ಮೆಮೊರಿ ತಿನ್ನುವ ಡೇಟಾಬೇಸ್ ಮೈಎಸ್‌ಕ್ಯುಎಲ್ಲನ್ನೇ ಕೊಂದಿತು. ರಿಕವರಿ ಮೂರ್ನಾಲ್ಕು ನಿಮಿಷ, ಹೊರಗೆ ಚೀಟಿಗೆ ಸರದಿ.

ಓವರ್‌ಕಮಿಟ್ 2ಕ್ಕೆ (ಮಿತಿ ಮೀರಿ ಮೆಮೊರಿ ಕೊಡಬೇಡ ಅನ್ನುವ ಸೆಟ್ಟಿಂಗ್) ಇಟ್ಟೂ ನೋಡಿದೆ. ಸ್ವಾಪ್ ಇಲ್ಲದಾಗ ಮಿತಿ ರ‍್ಯಾಮಿನ ಅರ್ಧ, ಅಂದರೆ 2 ಜಿಬಿ. ಮೆಮೊರಿ ಖಾಲಿ ಬಿದ್ದಿದ್ದರೂ ಕ್ರೋಮ್ ತೆರೆಯಲಿಲ್ಲ. ಬೇಕಾದ್ದಕ್ಕೆಲ್ಲ ಓಓಎಂ ಸ್ಕೋರ್ (ಕಡಿಮೆಯಾದಷ್ಟೂ ಕಿಲ್ಲರ್‌ನಿಂದ ರಕ್ಷಣೆ) -1000, ಅಂದರೆ ಪೂರ್ತಿ ರಕ್ಷಣೆ, ಕೊಡುವವರೂ ಇದ್ದಾರೆ. ಕೊಲ್ಲಲು ಯಾರೂ ಸಿಗದಿದ್ದರೆ ಕರ್ನಲ್ ಪ್ಯಾನಿಕ್ ಆಗಿ ಮಶೀನೇ ನಿಲ್ಲುತ್ತದೆ.

ಕೆಲಸ ಮಾಡಿದ್ದು ಇದು. ಡೇಟಾಬೇಸ್ ತನಗೆಂದು ಹಿಡಿದಿಡುವ ಮೆಮೊರಿ, ಅಂದರೆ ಬಫರ್ ಪೂಲ್, 2 ಜಿಬಿಯಿಂದ 768 ಎಂಬಿಗೆ. ಡಿಸ್ಕ್ ಸ್ವಾಪ್ ಬದಲು, ಡೇಟಾ ಕುಗ್ಗಿಸಿ ಮೆಮೊರಿಯಲ್ಲೇ ಇಡುವ 3 ಜಿಬಿ ಝಡ್‌ರ‍್ಯಾಮ್, ಝಡ್‌ಎಸ್‌ಟಿಡಿ ಎಂಬ ಕುಗ್ಗಿಸುವ ವಿಧಾನದಲ್ಲಿ. ನಮ್ಮ ಡೇಟಾ ಮೂರು ಪಟ್ಟಿನ ಹತ್ತಿರ ಕುಗ್ಗುತ್ತದೆ. ಸ್ವಾಪ್ ಬಳಸುವ ಆತುರ ಹೇಳುವ ಸ್ವಾಪಿನೆಸ್ 150 (ಕರ್ನಲ್ 5.8ಕ್ಕಿಂತ ಹಳೆಯದಾದರೆ 100 ದಾಟಿಸಲಾಗದು), ಒಮ್ಮೆಗೆ ಒಂದೇ ಪೇಜ್ ಓದಲು ಪೇಜ್-ಕ್ಲಸ್ಟರ್ 0. ಡೇಟಾಬೇಸ್ ಸರ್ವಿಸ್ ಫೈಲಿನಲ್ಲಿ ಓಓಎಂ ಸ್ಕೋರ್ -900, ರಿಪೋರ್ಟ್ ಪ್ರೋಗ್ರಾಮಿಗೆ +800. ಈ ಅಂಕ ಮಕ್ಕಳ ಪ್ರೋಸೆಸ್‌ಗೂ ಇಳಿಯುತ್ತದೆ, ಹಾಗಾಗಿ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ರಕ್ಷಣೆ ಕೊಟ್ಟರೆ ಬ್ಯಾಕಪ್ ಸ್ಕ್ರಿಪ್ಟೂ ಅಮರ.

ಬ್ರೌಸರ್‌ಗೆ ಮೆಮೊರಿ-ಹೈ (ದಾಟಿದರೆ ನಿಧಾನಿಸುವ ಮಿತಿ) 900 ಎಂಬಿ, ಮ್ಯಾಕ್ಸ್ (ದಾಟಿದರೆ ಕೊಲ್ಲುವ ಮಿತಿ) 1200. ಹೈ ಮಾತ್ರ ಕೊಟ್ಟರೆ ಪ್ರೋಸೆಸ್ ಸಾಯುವುದಿಲ್ಲ, ತೆವಳುತ್ತದೆ: ರಿಪೋರ್ಟಿಗೂ ಹಾಗೆ ಕೊಟ್ಟಾಗ ಎರಡು ನಿಮಿಷದ ಕೆಲಸ ಅರ್ಧ ತಾಸು ಹಿಡಿಯಿತು. ರಿಪೋರ್ಟಿಗೆ ಮ್ಯಾಕ್ಸ್ ಒಂದೇ ಸಾಕು.

ಕರ್ನಲ್ಲಿಗಿಂತ ಮುಂಚೆ ಕೈಹಾಕಲು ಅರ್ಲಿಓಓಎಂ ಎಂಬ ಪ್ರೋಗ್ರಾಮ್: ರ‍್ಯಾಮ್ 5%, ಸ್ವಾಪ್ 10%. ಉಳಿದ ಜಾಗ ಎರಡರಲ್ಲೂ ಅಷ್ಟಕ್ಕೆ ಇಳಿದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಝಡ್‌ರ‍್ಯಾಮ್ ವಿಪರೀತ ದೊಡ್ಡದಾದರೆ ಸ್ವಾಪ್ ಮುಗಿಯದೆ ಅರ್ಲಿಓಓಎಂ ಮಲಗೇ ಇರುತ್ತದೆ. ಉಬುಂಟು 22.04 ಡೆಸ್ಕ್‌ಟಾಪಿನ ಇಂಥದ್ದೇ ಪ್ರೋಗ್ರಾಮ್ ಸಿಸ್ಟಂಡಿ-ಓಓಎಂಡಿ ಇಡೀ ಸಿಗ್ರೂಪನ್ನೇ (ಪ್ರೋಸೆಸ್‌ಗಳ ಗುಂಪು) ಕೊಲ್ಲುವಂಥದ್ದು, ಅದನ್ನು ನಿಲ್ಲಿಸಿ.

ಎಲ್‌ಝಡ್4 ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಕೂಡ ಒಂದು ವಾರ ಓಡಿಸಿದೆ: ಸಿಪಿಯು ಹಗುರ, ಜಾಗ ಕಡಿಮೆ ಉಳಿಯಿತು, ವಾಪಸ್ ಬಂದೆ. ಝಡ್‌ಸ್ವಾಪ್ (ಸ್ವಾಪಿಗೆ ಹೋಗುವ ಮುನ್ನವೇ ಡೇಟಾ ಕುಗ್ಗಿಸುವಂಥದ್ದು) ಚಾಲೂ ಇದ್ದರೆ ಬಂದ್ ಮಾಡಿ, ಇಲ್ಲವಾದರೆ ಎರಡೆರಡು ಸಲ ಕುಗ್ಗಿಸುವ ದಂಡದ ಕೆಲಸ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಝಡ್‌ರ‍್ಯಾಮ್ ಖಾಲಿ ಮಾಡುವ ನನ್ನ ಸ್ಕ್ರಿಪ್ಟ್ ಮಾತ್ರ ಇಲ್ಲಿ ಹಾಕುವುದಿಲ್ಲ, ಹೊಟ್ಟೆಪಾಡು.